ಅಂಟು ಹೋಗಬೇಕು, ಚರ್ಮ ಉಳಿಯಬೇಕು

ಹೊಸ ಸ್ಟೀಲ್ ಡಬ್ಬಿ ಮನೆಗೆ ಬಂದ ದಿನ ನಮ್ಮ ಅಡುಗೆಮನೆ ಪ್ರಯೋಗಶಾಲೆ ಆಗಿಬಿಡುತ್ತದೆ. ಅಂಗಡಿಯವನು ಡಬ್ಬಿಯ ಹೊಟ್ಟೆಯ ಮೇಲೆ, ಎದ್ದು ಕಾಣುವ ಜಾಗದಲ್ಲೇ ಒಂದು ಸ್ಟಿಕ್ಕರ್ ಮೆತ್ತಿ ಕಳಿಸಿರುತ್ತಾನೆ. ಉಗುರು ಹಾಕಿ ಎಬ್ಬಿಸಿದರೆ ಬಣ್ಣದ ಕಾಗದವಷ್ಟೇ ಕಿತ್ತು ಬರುತ್ತದೆ, ಬಿಳಿ ನಾರೂ ಜಿಗಟೂ ಅಲ್ಲೇ. ತಂಗಿ ಗ್ಯಾಸ್ ಉರಿಗೆ ಹಿಡಿ ಅನ್ನುತ್ತಾಳೆ. ಅತ್ತಿಗೆ ಕೊಬ್ಬರಿ ಎಣ್ಣೆ ಬಾಟಲಿ ತರುತ್ತಾಳೆ. ಪಕ್ಕದ ಮನೆಯ ಹುಡುಗನಿಗೆ ಲೋಕದ ಎಲ್ಲ ಕಷ್ಟಕ್ಕೂ ಪೆಟ್ರೋಲೇ ಮದ್ದು. ಇವರೆಲ್ಲ ವಾದ ಮಾಡುತ್ತಿರುವಾಗ ಯಾರೋ ಸ್ಟೀಲ್ ಸ್ಕ್ರಬ್ಬರ್ ತಗೊಂಡು ತಿಕ್ಕಿಬಿಡುತ್ತಾರೆ. ಅಂಟು ಹೋಯಿತು, ಗೀರು ಆ ಡಬ್ಬಿಯ ಆಯುಷ್ಯ ಪೂರ್ತಿ ಉಳಿಯಿತು.

ಅಂಟು ಬಿಡಿಸುವ ದ್ರವಗಳನ್ನು, ಅವು ಅಂಗಡಿಯ ಬಾಟಲಿಯಲ್ಲಿರಲಿ ಅಡುಗೆಮನೆಯ ಡಬ್ಬಿಯಲ್ಲಿರಲಿ, ನಾವು ಹೊಗಳುವುದು ಅವು ಎಷ್ಟು ಬೇಗ ಅಂಟು ತೆಗೆದವು ಎಂದು. ಅಡಿಯಲ್ಲಿದ್ದದ್ದು ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನನಗೆ ಆ ಪ್ರಶ್ನೆ ಅಂಟಿಕೊಂಡದ್ದು ಡಬ್ಬಿಯಿಂದಲ್ಲ, ಅಮ್ಮನ ಮುಂಗೈಯಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಂಟಿನ ಜಾತಕ. ಟೇಪು, ಸ್ಟಿಕ್ಕರ್, ಪ್ಲಾಸ್ಟರ್, ಹಣೆಯ ಟಿಕಳಿ, ಇವೆಲ್ಲ ಒತ್ತಿದರೆ ಅಂಟುವ ಜಾತಿ. ಗೋಂದಿನ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ಯಾವತ್ತೂ ಅರ್ಧ ದ್ರವ, ಅರ್ಧ ಘನ. ಬೆರಳಲ್ಲಿ ಒತ್ತಿದಾಗ ಹರಿದು ಮೇಲ್ಮೈಯ ಸಣ್ಣ ಕುಳಿಗಳಿಗೆಲ್ಲ ಇಳಿಯುತ್ತವೆ. ಎಳೆದಾಗ ಹಿಗ್ಗುತ್ತವೆ, ಬಿಡುವುದಿಲ್ಲ. ಅರ್ಲ್ ಡಿಕ್ಸನ್ ಎಂಬಾತ ಅಡುಗೆಮನೆಯಲ್ಲಿ ಆಗಾಗ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಬ್ಯಾಂಡ್-ಏಡ್ ಮಾಡಿದ್ದು 1920ರಲ್ಲಿ. ಕಾರಿಗೆ ಎರಡು ಬಣ್ಣ ಹೊಡೆಯುವವರ ಪಾಡು ನೋಡಿ ರಿಚರ್ಡ್ ಡ್ರೂ ಮಾಸ್ಕಿಂಗ್ ಟೇಪು ತಂದದ್ದು 1925ರಲ್ಲಿ, ಪಾರದರ್ಶಕ ಟೇಪು ಬಂದದ್ದು 1930ರಲ್ಲಿ. ಹಳೆಯ ಪಾಕ ಸರಳ: ಜಗ್ಗಲು ರಬ್ಬರ್, ಜಿಗಟಿಗೆ ಪೈನ್ ಮರದ ರಾಳ, ಆಸ್ಪತ್ರೆಯ ಬಿಳಿ ಪ್ಲಾಸ್ಟರಾದರೆ ಜೊತೆಗೆ ಸತುವಿನ ಆಕ್ಸೈಡ್. ಈಗ ಬಹುಪಾಲು ಅಕ್ರಿಲಿಕ್, ಮೆತ್ತಗಿನ ಚರ್ಮಕ್ಕೆ ಸಿಲಿಕೋನ್.

ರಬ್ಬರೂ ರಾಳವೂ ಎಣ್ಣೆಯ ಕುಲದವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆಯನ್ನು ರಸಾಯನಶಾಸ್ತ್ರ ಅಂಕಿಯಲ್ಲಿ ಬರೆದಿಟ್ಟಿದೆ. ಜೋಯೆಲ್ ಹಿಲ್ಡೆಬ್ರಾಂಡ್ ಹೆಸರಿನ ಒಂದು ಅಳತೆಗೋಲಿದೆ. ಅದರಲ್ಲಿ ಹತ್ತಿರ ಹತ್ತಿರ ಕೂತ ವಸ್ತುಗಳು ಒಂದರಲ್ಲೊಂದು ಕರಗುತ್ತವೆ, ದೂರದವು ಮುಖ ತಿರುಗಿಸುತ್ತವೆ. ರಬ್ಬರ್ ಅಲ್ಲಿ ಸುಮಾರು 16ರಿಂದ 17. ಹೆಕ್ಸೇನ್ 15ರ ಆಸುಪಾಸು. ಅಸಿಟೋನ್ 20, ಸ್ಪಿರಿಟ್ 26, ನೀರು 48. ಆಸ್ಪತ್ರೆಯಲ್ಲಿ ಪ್ಲಾಸ್ಟರಿನ ಕಲೆಗೆ ಸ್ಪಿರಿಟ್ ಹತ್ತಿ ಹಿಡಿದು ಎಷ್ಟು ಉಜ್ಜಿದರೂ ಕಪ್ಪು ಗೆರೆ ಉಳಿಯುವುದು ಯಾಕೆ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ಅಕ್ರಿಲಿಕ್ ಅಂಟನ್ನು ಸ್ಪಿರಿಟ್ ಸ್ವಲ್ಪ ಮೆದುಮಾಡೀತು. ರಬ್ಬರಿನ ಅಂಟಿಗೆ ಅದು ಚಳಿ ಹುಟ್ಟಿಸುತ್ತದೆ, ಅಷ್ಟೆ.

ಈ ಲೆಕ್ಕ ಗೊತ್ತಿಲ್ಲದೆಯೂ ನಮ್ಮ ಮಲೆನಾಡಿನ ಹೆಂಗಸರು ಸರಿಯಾದ ಉತ್ತರಕ್ಕೇ ಬಂದಿದ್ದರು. ಹಲಸಿನ ಹಣ್ಣು ಕೊಯ್ಯಲು ಕೂರುವ ಮೊದಲು ಕೈಗೆ, ಕತ್ತಿಗೆ ಎಣ್ಣೆ ಸವರುತ್ತಾರೆ. ಇಲ್ಲಿ ನೋಡಬೇಕಾದ್ದು ಕ್ರಮ. ಮೇಣ ಮೆತ್ತಿದ ಮೇಲೆ ಎಣ್ಣೆಯಲ್ಲ, ಮೆತ್ತುವ ಮೊದಲು. ಹಲಸಿನ ಮೇಣವೂ ರಬ್ಬರು-ರಾಳಗಳ ಬಳಗದ್ದೇ. ಎಣ್ಣೆಯ ತೆಳು ಪದರದ ಮೇಲೆ ಬಿದ್ದ ಮೇಣ ಚರ್ಮದ ಗೆರೆಗಳಿಗೆ ಇಳಿಯಲಾರದು. ಮರೆತು ಬರಿಗೈ ಹಾಕಿದವರು ಸಂಜೆಯವರೆಗೂ ಬೆರಳು ಬಿಡಿಸಿಕೊಳ್ಳುತ್ತಾ ಕೂರುತ್ತಾರೆ, ಅಥವಾ ಸೀಮೆಎಣ್ಣೆ ಹುಡುಕುತ್ತಾರೆ.

ಕೊಬ್ಬರಿ ಎಣ್ಣೆಯ ಮೇಲೆ ನನಗೆ ಪಕ್ಷಪಾತವಿದೆ. ಆದರೂ ವಿಮರ್ಶೆ ಮಾಡಲೇಬೇಕು. ಅದರ ಅಣುಗಳು ದೊಡ್ಡವು, ಅಂಟಿನೊಳಗೆ ನುಸುಳಲು ಹೊತ್ತು ಬೇಕು. ಡಬ್ಬಿಯ ಕಾಗದವನ್ನು ಮೊದಲು ನೀರಲ್ಲಿ ನೆನೆಸಿ ತೆಗೆದು, ಉಳಿದ ಜಿಗಟಿನ ಮೇಲೆ ಎಣ್ಣೆ ಸವರಿ ಇಪ್ಪತ್ತು ನಿಮಿಷ ಸುಮ್ಮನಿದ್ದರೆ, ಅದು ಹೆಬ್ಬೆರಳ ಕೆಳಗೆ ಸಣ್ಣ ಸಣ್ಣ ಶಾವಿಗೆ ಎಳೆಗಳಾಗಿ ಉರುಳಿ ಬರುತ್ತದೆ. ನೋಡಲು ಒಂದು ಸುಖ. ಆ ಇಪ್ಪತ್ತು ನಿಮಿಷ ಯಾರೂ ಕೊಡುವುದಿಲ್ಲ, ಸವರಿದ ಕ್ಷಣವೇ ಉಜ್ಜಿ 'ಎಣ್ಣೆ ಕೆಲಸ ಮಾಡಲ್ಲ' ಅನ್ನುತ್ತಾರೆ. ತಂಗಿಯ ಗ್ಯಾಸ್ ಉಪಾಯವೂ ಕೆಟ್ಟದ್ದಲ್ಲ: ಬಿಸಿಗೆ ಅಂಟು ಸಡಿಲಾಗುತ್ತದೆ, ಆರುವ ಮುಂಚೆ ಎಳೆದರೆ ಸ್ಟಿಕ್ಕರ್ ಇಡಿಯಾಗಿ ಬರುತ್ತದೆ. ಎಣ್ಣೆಯೂ ಉರಿಯೂ ಒಟ್ಟಿಗೆ ಬೇಡ.

ಇನ್ನು ಅಸಿಟೋನ್. ನೇಲ್ ಪಾಲಿಶ್ ತೆಗೆಯುವ ಬಾಟಲಿಯಲ್ಲಿ ಇರುವುದು ಅದೇ ಅಥವಾ ಅದರ ದಾಯಾದಿ ಈಥೈಲ್ ಅಸಿಟೇಟ್. ಇದಕ್ಕೆ ಸಿಕ್ಕಿರುವ ಹೆಸರು ಯೋಗ್ಯತೆಗಿಂತ ದೊಡ್ಡದು. ಒಂದು ಕಡೆ ಮಾತ್ರ ಅದು ನಿಜವಾದ ಗೆಳೆಯ: ಫೆವಿಕ್ವಿಕ್ ಜಾತಿಯ ಅಂಟಿಗೆ. ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿಗಾಜಿಗೆ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿ, ಎಲ್ಲದಕ್ಕೂ ಅಂಟುತ್ತದೆ ಎಂದು ಬೇಸತ್ತು ಬಿಟ್ಟ ಸಯನೋಅಕ್ರಿಲೇಟ್ ಅದು. ಗಾಳಿಯ ತೇವ, ಚರ್ಮದ ಬೆವರು ತಾಗಿದರೆ ಸಾಕು, ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಅಸಿಟೋನ್ ಅದನ್ನು ಸಡಿಲಿಸುತ್ತದೆ, ನಿಜ. ಆದರೆ ಬೆರಳಿಗೆ ಬೆರಳು ಅಂಟಿದ್ದಕ್ಕೆ ಬಿಸಿ ಸಾಬೂನು ನೀರೂ ತಾಳ್ಮೆಯೂ ಸಾಲುತ್ತವೆ; ಚರ್ಮ ತನ್ನ ಮೇಲ್ಪದರವನ್ನು ಉದುರಿಸುವಾಗ ಅಂಟನ್ನೂ ಹೊತ್ತುಕೊಂಡು ಹೋಗುತ್ತದೆ. ಕಣ್ಣಿನ ಹತ್ತಿರವಂತೂ ಅಸಿಟೋನ್ ಸುಳಿಯಲೇಬಾರದು.

ಚರ್ಮದ ಹೊರಪದರದ ಜೀವಕೋಶಗಳ ನಡುವೆ ಗಾರೆಯ ಹಾಗೆ ಕೊಬ್ಬು ತುಂಬಿರುತ್ತದೆ. ಅಸಿಟೋನ್ ಅಂಟನ್ನು ಹುಡುಕಿಕೊಂಡು ಬಂದದ್ದು, ದಾರಿಯಲ್ಲಿ ಸಿಕ್ಕ ಈ ಗಾರೆಯನ್ನೂ ಕರಗಿಸಿಕೊಂಡು ಹೋಗುತ್ತದೆ. ಒಣಗಿದ ಮೇಲೆ ಕಾಣುವ ಬೂದಿಬಣ್ಣ ಅದರ ಸಹಿ. ಪ್ಲಾಸ್ಟಿಕ್ಕಿಗೆ ಇನ್ನೂ ಕಷ್ಟ. ಕನ್ನಡಕದ ಮೇಲಿದ್ದ ಬೆಲೆಯ ಚೀಟಿಯ ಅಂಟು ತೆಗೆಯಲು ಹೋಗಿ ನಾನು ಗಾಜನ್ನೇ (ಅದು ಪಾಲಿಕಾರ್ಬೊನೇಟ್ ಎಂದು ಗೊತ್ತಾದದ್ದು ಆಮೇಲೆ) ಮಂಜು ಕವಿದ ಕಿಟಕಿ ಮಾಡಿಟ್ಟೆ. ಅಂಗಡಿಯವನಿಗೆ ತೋರಿಸಿದರೆ ಅವನು ಏನೂ ಕೇಳದೆ 'ನೇಲ್ ಪಾಲಿಶ್ ರಿಮೂವರ್ರಾ?' ಅಂದ.

ಬೇಗ ಆರುವ ದ್ರವ ಒಳ್ಳೆಯದು ಎಂಬ ನಂಬಿಕೆಗೆ ಕೆಲವರು ತೆತ್ತ ಬೆಲೆ ದೊಡ್ಡದು. ಚೀನಾದ ಸುಝೌ ನಗರದ ಕಾರ್ಖಾನೆಯೊಂದರಲ್ಲಿ 2009ರ ಸುಮಾರಿಗೆ ಫೋನಿನ ಪರದೆ ಒರೆಸಲು ಆಲ್ಕೊಹಾಲ್ ಬಿಟ್ಟು ಎನ್-ಹೆಕ್ಸೇನ್ ಹಿಡಿದರು, ಬೇಗ ಆರುತ್ತದೆ ಎಂದು. ನೂರಕ್ಕೂ ಹೆಚ್ಚು ಕಾರ್ಮಿಕರ ಆರೋಗ್ಯ ಹಾಳಾಯಿತು, ಕೈಕಾಲು ಜೋಮು ಹಿಡಿದು ಕೆಲವರು ನಡೆಯಲಾರದವರಾದರು. ಹೆಕ್ಸೇನ್ ದೇಹದೊಳಗೆ ಹೋಗಿ ಬದಲಾಗುವ ರೂಪ ನರಗಳಿಗೆ ವಿಷ. ಚಪ್ಪಲಿ ಅಂಟಿಸುವ ಕೆಲಸಗಾರರಲ್ಲಿ ಈ ಕಾಯಿಲೆಯನ್ನು ವೈದ್ಯರು ಅದಕ್ಕೆ ಬಹಳ ಮೊದಲೇ ಗುರುತಿಸಿದ್ದರು.

ಈಗ ಮಾರುಕಟ್ಟೆಯ ಮುದ್ದಿನ ಕೂಸು ಕಿತ್ತಳೆ ಸಿಪ್ಪೆಯ ಎಣ್ಣೆ. ಬಾಟಲಿಯ ಮೇಲೆ ಹಣ್ಣಿನ ಚಿತ್ರ, 'ನೈಸರ್ಗಿಕ' ಎಂಬ ಮುದ್ರೆ. ಒಳಗಿರುವ ಲಿಮೊನೀನ್ ನಿಜಕ್ಕೂ ಸಮರ್ಥ. ಅಳತೆಗೋಲಿನಲ್ಲಿ ರಬ್ಬರಿನ ಪಕ್ಕದಲ್ಲೇ ಕೂರುತ್ತದೆ. ಗಾಜು, ಸ್ಟೀಲು, ಟೈಲ್ಸಿಗೆ ನಾನು ಎರಡು ಮಾತಿಲ್ಲದೆ ಇದನ್ನೇ ಹೇಳುತ್ತೇನೆ. ಚರ್ಮಕ್ಕೆ ಬೇಡ. ಲಿಮೊನೀನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಹುಟ್ಟಿಸುವ ಪೆರಾಕ್ಸೈಡುಗಳು ಚರ್ಮದ ಅಲರ್ಜಿಗೆ ಹೆಸರುವಾಸಿ. ಮುಚ್ಚಳ ಸರಿಯಾಗಿ ಹಾಕದ ಅರ್ಧ ಬಾಟಲಿ ಹೊಸದಕ್ಕಿಂತ ಕೆಟ್ಟದ್ದು. ಸಾಲದ್ದಕ್ಕೆ, ಹಣ್ಣಿನ ಚಿತ್ರದ ಕೆಲವು ಬಾಟಲಿಗಳಲ್ಲಿ ಕಿತ್ತಳೆಯ ಜೊತೆ ಪೆಟ್ರೋಲಿಯಂ ಎಣ್ಣೆಯೂ ಇರುತ್ತದೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಸ್ನಾನದ ಮನೆಯ ಕನ್ನಡಿಯಲ್ಲಿ ಸಾಲಾಗಿ ಅಂಟಿಸಿಟ್ಟ ಟಿಕಳಿಗಳ ಗುರುತು ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಕನ್ನಡಿಯ ಜಿಗಟಿಗೆ ಮೇಲೆ ಹೇಳಿದ ಯಾವುದಾದರೂ ನಡೆಯುತ್ತದೆ. ಹಣೆಯದು ಬೇರೆ ಕತೆ. ಕೆಲವು ಟಿಕಳಿಯ ಅಂಟಿನಲ್ಲಿ ಪ್ಯಾರಾ-ಟರ್ಷಿಯರಿ ಬ್ಯುಟೈಲ್ ಫೀನಾಲ್ ಸೇರಿದ ರಾಳ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಅದು ಕೊಲ್ಲಬಲ್ಲದು. ಟಿಕಳಿ ಇಟ್ಟ ಜಾಗದಲ್ಲಿ ಅಷ್ಟೇ ಅಗಲದ ಬಿಳಿ ಮಚ್ಚೆ ಮೂಡಿದ್ದನ್ನು ನಮ್ಮ ದೇಶದ ಚರ್ಮವೈದ್ಯರು ದಶಕಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ರಾತ್ರಿ ಟಿಕಳಿ ತೆಗೆದರೆ ಸಾಲದು, ಅದು ಬಿಟ್ಟುಹೋದ ಅಂಟನ್ನೂ ಎರಡು ಹನಿ ಎಣ್ಣೆ ಹಾಕಿ ಒರೆಸಬೇಕು. ಹಣೆಗೆ ಅಸಿಟೋನ್ ಹಚ್ಚುವವರನ್ನೂ ನಾನು ನೋಡಿದ್ದೇನೆ, ಮಚ್ಚೆ ಬರುವ ಮೊದಲೇ ಅಲ್ಲಿ ಸಿಪ್ಪೆ ಏಳುತ್ತದೆ.

ಅಮ್ಮನ ಮುಂಗೈ. ಎಪ್ಪತ್ತೆಂಟರ ಕೈ, ಒಂದು ವಾರ ಆಸ್ಪತ್ರೆಯಲ್ಲಿ ಸೂಜಿಗೆ ಆನಿಸಿ ಪ್ಲಾಸ್ಟರ್ ಹಾಕಿದ್ದರು. ಬಿಡುಗಡೆಯ ದಿನ ಅವಸರ. ಬಂದವರು ಒಂದು ತುದಿ ಎಬ್ಬಿಸಿ, ಮೇಲಕ್ಕೆ, ಒಂದೇ ಎಳೆತಕ್ಕೆ ಕಿತ್ತರು. ಶಬ್ದ ಕೇಳಿದ್ದು ನೆನಪಿದೆ, ಹಳೆಯ ಸೀರೆ ಹರಿದ ಹಾಗೆ, ಸಣ್ಣದಾಗಿ. ಪ್ಲಾಸ್ಟರಿನ ಒಳಬದಿಯಲ್ಲಿ ಈರುಳ್ಳಿಯ ಒಳಪೊರೆಯಂಥದ್ದೊಂದು ಅಂಟಿಕೊಂಡಿತ್ತು. ಅದು ಚರ್ಮ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಆ ಹಸಿ ಜಾಗದ ಪಕ್ಕದ ಕಪ್ಪು ಜಿಗಟನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿದಾಗ ಅಮ್ಮ ಕಣ್ಣು ಮುಚ್ಚಿಕೊಂಡಳು.

ಕೈಯ ಚರ್ಮದ ಸತ್ತ ಹೊರಪದರ ಇರುವುದು ಹತ್ತಿಪ್ಪತ್ತು ಮೈಕ್ರಾನ್. ತಲೆಗೂದಲು ಅದಕ್ಕಿಂತ ಎಷ್ಟೋ ದಪ್ಪ. ಪ್ರತಿ ಸಲ ಟೇಪು ಕಿತ್ತಾಗ ಅದರಿಂದ ಒಂದಷ್ಟು ಕೋಶ ಹೋಗುತ್ತದೆ. ಚರ್ಮದ ಪದರಗಳನ್ನು ಒಂದೊಂದಾಗಿ ತೆಗೆದು ನೋಡಲು ಸಂಶೋಧಕರು ಬಳಸುವುದೂ ಇದೇ ಟೇಪನ್ನು. ಮುದುಕರಲ್ಲಿ ಹೊರಚರ್ಮಕ್ಕೂ ಒಳಚರ್ಮಕ್ಕೂ ಹಿಡಿತ ಸಡಿಲ. ದಿನ ತುಂಬದೆ ಹುಟ್ಟಿದ ಕೂಸಿಗೆ ಹೊರಪದರವೇ ಸರಿಯಾಗಿ ಬೆಳೆದಿರುವುದಿಲ್ಲ, ಹಚ್ಚಿದ ದ್ರಾವಕ ನೇರ ಒಳಗಿಳಿಯುತ್ತದೆ. ಟೇಪಿನಿಂದಾಗುವ ಇಂಥ ಗಾಯಗಳಿಗೆ ದಾದಿಯರೂ ತಜ್ಞರೂ ಕೂಡಿ ಪ್ರತ್ಯೇಕ ಹೆಸರು, ಒಮ್ಮತದ ನಿಯಮ ಕೊಟ್ಟದ್ದು 2013ರಲ್ಲಿ. ಅಷ್ಟು ತಡವಾಗಿ. ಅದಕ್ಕೂ ಮೊದಲಿನ ವಾರ್ಡುಗಳಲ್ಲಿ ಈಥರೋ ಬೆನ್ಜೀನೋ ಕೈಗೆ ಸಿಕ್ಕಿದ್ದು. ಪ್ಲಾಸ್ಟರ್ ಚೆನ್ನಾಗಿ ಹಿಡಿಯಲಿ ಎಂದು ಮೊದಲೇ ಟಿಂಕ್ಚರ್ ಬೆನ್ಜಾಯಿನ್ ಬಳಿಯುವ ಅಭ್ಯಾಸವೂ ಇದೆ. ಹಾಕುವವರಿಗೆ ಅನುಕೂಲ, ಕಿತ್ತಿಸಿಕೊಳ್ಳುವವರಿಗೆ ಶಿಕ್ಷೆ.

ದ್ರವಕ್ಕಿಂತ ಕೈ ಮುಖ್ಯ ಎಂದು ನಾನು ಕಲಿತದ್ದು ಆಗ. ಟೇಪನ್ನು ಮೇಲಕ್ಕೆತ್ತದೆ ಅದರ ಮೈಮೇಲೆ ಅದನ್ನೇ ಮಡಚುತ್ತಾ, ಚರ್ಮಕ್ಕೆ ಸಮಾನಾಂತರವಾಗಿ, ಕೂದಲಿನ ದಿಕ್ಕಿಗೆ, ಇನ್ನೊಂದು ಕೈಯ ಬೆರಳಿಂದ ಚರ್ಮವನ್ನು ಒತ್ತಿ ಹಿಡಿದು ನಿಧಾನ ಬಿಡಿಸಬೇಕು. 'ಸರ್ರನೆ ಎಳೆದರೆ ನೋವು ಗೊತ್ತಾಗಲ್ಲ' ಎಂಬ ಮಾತು ಎಳೆಯುವವರು ಹುಟ್ಟುಹಾಕಿದ್ದು.

ದ್ರವಗಳಲ್ಲಿ ಚರ್ಮಕ್ಕೆ ಒಗ್ಗಿದ್ದನ್ನು ನನಗೆ ತೋರಿಸಿದವರು ದೊಡ್ಡಪ್ಪ. ಕರುಳಿನ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಗೆ ಮಲ ಹಿಡಿಯುವ ಅಂಟುಚೀಲ ಬಂದಿತ್ತು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಅಂಗೈಯಗಲದ ಜಾಗದಿಂದ ಕಿತ್ತು, ಅದೇ ಜಾಗಕ್ಕೆ ಹೊಸದನ್ನು ಅಂಟಿಸಬೇಕು. ನನ್ನ ಸಲಹೆ ಕೇಳಿ ಕೊಬ್ಬರಿ ಎಣ್ಣೆ ಹಚ್ಚಿದರು. ಹಳೆಯದು ಬೆಣ್ಣೆಯ ಹಾಗೆ ಬಂತು. ಹೊಸದು ಕೂರಲಿಲ್ಲ. ಮೂರು ಸಲ ಸಾಬೂನಿನಲ್ಲಿ ತೊಳೆದರೂ ಉಳಿದ ಎಣ್ಣೆಯ ಪೊರೆ ಆ ರಾತ್ರಿ ಚೀಲವನ್ನು ಸೋರಿಸಿತು. ಹಾಸಿಗೆ ಬಟ್ಟೆ ಬದಲಾಯಿಸುತ್ತಾ ದೊಡ್ಡಪ್ಪ ಏನೂ ಅನ್ನಲಿಲ್ಲ, ನನಗೆ ಅದೇ ಹೆಚ್ಚಾಯಿತು. ಎಣ್ಣೆಯ ದೋಷ ಅಂಟನ್ನು ಬಿಡಿಸುವುದರಲ್ಲಿಲ್ಲ, ಕೆಲಸ ಮುಗಿದ ಮೇಲೂ ಎದ್ದು ಹೋಗದಿರುವುದರಲ್ಲಿದೆ.

ಆಮೇಲೆ ತಂದದ್ದು ಸಿಲಿಕೋನ್ ಸ್ಪ್ರೇ. ಇಂಥವುಗಳ ಜೀವಾಳ ಹೆಕ್ಸಾಮೀಥೈಲ್ ಡೈಸಿಲೋಕ್ಸೇನ್ ಎಂಬ ಬಾಯಿಗೆ ಒಗ್ಗದ ಹೆಸರಿನ ತೆಳು ದ್ರವ. ಕುದಿಯುವುದು ಸುಮಾರು 100 ಡಿಗ್ರಿಗೆ, ಹೆಚ್ಚುಕಡಿಮೆ ನೀರಿನಂತೆ. ಆದರೆ ಆವಿಯಾಗಲು ಅಷ್ಟೇ ತೂಕದ ನೀರಿಗೆ ಬೇಕಾದ ಶಾಖದಲ್ಲಿ ಹತ್ತನೆಯ ಒಂದು ಪಾಲೂ ಇದಕ್ಕೆ ಬೇಡ. ಹಾಗಾಗಿ ಮೈ ತಣ್ಣಗೆ ಕೊರೆಯುವುದಿಲ್ಲ. ಮೇಲ್ಮೈ ಎಳೆತ ನೀರಿನ ಕಾಲುಭಾಗಕ್ಕಿಂತ ಕಡಿಮೆ; ಟೇಪಿನ ಅಂಚಿಗೆ ಒಂದು ಹನಿ ಬಿದ್ದರೆ ಕಾಗದದಲ್ಲಿ ಶಾಯಿ ಹರಡುವ ಹಾಗೆ ಅಂಟಿಗೂ ಚರ್ಮಕ್ಕೂ ನಡುವೆ ತಾನೇ ಹರಿದು ಹೋಗುತ್ತದೆ. ಅಂಟನ್ನು ಪೂರ್ತಿ ಕರಗಿಸುವ ಹಟ ಇದಕ್ಕಿಲ್ಲ, ಹಿಡಿತ ಬಿಡಿಸಿ ಹಾರಿಹೋಗುತ್ತದೆ. ಒಡೆದ ಚರ್ಮಕ್ಕೂ ಸ್ಪಿರಿಟ್ಟಿನಂತೆ ಉರಿಯುವುದಿಲ್ಲ. ಹಿಂದೆ ಏನೂ ಉಳಿಯದೆ ಹೊಸ ಚೀಲ ಸರಿಯಾಗಿ ಕೂರುತ್ತದೆ. ಬೆಲೆ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಇದೇ ಜಾಣತನ ಚಿತ್ರ ಉಳಿಸುವವರಲ್ಲೂ ಇದೆ. ಕಾಗದಕ್ಕೆ ಅಂಟಿಸಿದ ಟೇಪು ವರ್ಷಗಳಲ್ಲಿ ಕಂದಾಗಿ ಗಟ್ಟಿಯಾಗುತ್ತದೆ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಮೇಲೆ ಯಾವ ದ್ರಾವಕವೂ ಕರಗಿಸಲಾರದು, ಉಬ್ಬಿಸಬಹುದಷ್ಟೆ. ಸುರಿದರೆ ಶಾಯಿಯೂ ಹರಿದುಹೋಗುತ್ತದೆ. ಫ್ಲಾರೆನ್ಸಿನ ಪಿಯೆರೊ ಬಾಲ್ಯೋನಿ ತಂಡ ದ್ರಾವಕದ ಸೂಕ್ಷ್ಮ ಹನಿಗಳನ್ನು ಮೆದು ಜೆಲ್ ಹಾಳೆಯೊಳಗೆ ಹಿಡಿದಿಟ್ಟು ಟೇಪಿನ ಮೇಲೆ ಹೊದಿಸಿತು. ಅದು ಬೇಕಾದಷ್ಟೇ, ಬೇಕಾದಲ್ಲಿಗೇ ಇಳಿಯುತ್ತದೆ. ಈ ಕೆಲಸ 2018ರಲ್ಲಿ ಪ್ರಕಟವಾಯಿತು.

ದೊಡ್ಡಪ್ಪನ ಸ್ಪ್ರೇ ಡಬ್ಬಿಯ ಮೇಲೆ ಬೆಂಕಿಯ ಗುರುತಿದೆ. ಚರ್ಮಕ್ಕೆ ಇಷ್ಟು ಸಾಧುವಾದ ದ್ರವ ಕಿಡಿ ಕಂಡರೆ ಪೆಟ್ರೋಲಿನಷ್ಟೇ ಚುರುಕು. ಅವರ ಕೋಣೆಯಲ್ಲಿ ಸಂಜೆ ದೇವರ ದೀಪ ಉರಿಯುತ್ತಿರುತ್ತದೆ, ಊದಿ ಆರಿಸುವಂತಿಲ್ಲ. ಚೀಲ ಬದಲಾಯಿಸುವ ದಿನ ಹೊಸದನ್ನು ಕತ್ತರಿಸಿ, ಹತ್ತಿ, ನೀರು ಎಲ್ಲ ಜೋಡಿಸಿಟ್ಟು, ಬತ್ತಿ ತಾನಾಗಿ ಎಣ್ಣೆ ಕುಡಿದು ಮುಗಿಸುವವರೆಗೆ ನಾವಿಬ್ಬರೂ ಮಾತಾಡುತ್ತಾ ಕೂತಿರುತ್ತೇವೆ.