‘ಆದರೂ’ ಮತ್ತು ‘ಅಷ್ಟೇ’: ಹರ್ಮನ್ ಮೋಗ್ಲಿಂಗ್ ಬಗ್ಗೆ ಒಂದು ಮರುವಿಚಾರ

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಹರ್ಮನ್ ಮೋಗ್ಲಿಂಗ್ ಕುರಿತು ಹತ್ತು ನಿಮಿಷ ಮಾತನಾಡಿದ್ದೆ. ಜರ್ಮನಿಯ ಈ ಭಾಗದಲ್ಲಿರುವ ಕನ್ನಡಿಗರಿಗೆ ಅವರ ಹೆಸರು ಹತ್ತಿರದ್ದು. ಹುಟ್ಟಿದ್ದು 1811ರಲ್ಲಿ ಬ್ರಾಕನ್‌ಹೈಮ್‌ನಲ್ಲಿ, ಓದಿದ್ದು ಟ್ಯೂಬಿಂಗನ್‌ನಲ್ಲಿ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗನ್‌ನಲ್ಲಿ. ಭಾಷಣದ ಕೊನೆಯಲ್ಲಿ, “ಮಿಶನರಿಯಾಗಿದ್ದರೂ ಕನ್ನಡಕ್ಕಾಗಿ ದುಡಿದ ಮಹನೀಯ” ಎಂದೆ. ಚಪ್ಪಾಳೆ ಬಿತ್ತು.

ಊಟದ ಸಾಲಿನಲ್ಲಿ ನಮ್ಮ ಸಂಘದ ಹಿರಿಯರೊಬ್ಬರು ಪಕ್ಕಕ್ಕೆ ಬಂದರು. ಅವರದು ಮಂಗಳೂರಿನ ಪ್ರಾಟೆಸ್ಟೆಂಟ್ ಮನೆತನ. “ಭಾಷಣ ಚೆನ್ನಾಗಿತ್ತು ಮಾರಾಯ್ರೆ. ಆ ‘ಆದರೂ’ ಯಾಕೆ ಬೇಕಿತ್ತು? ನಾನೂ ಹಾಗಾದರೆ ಕ್ರೈಸ್ತನಾಗಿದ್ದರೂ ಕನ್ನಡಿಗನೋ?” ಎಂದು ನಗುತ್ತಲೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೋಗ್ಲಿಂಗ್ ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. ಹೊಗಳುವವರು ‘ಮಿಶನರಿಯಾದರೂ’ ಎನ್ನುತ್ತಾರೆ. ತೆಗಳುವವರು ‘ಮತಾಂತರಕ್ಕಾಗಿ, ಅಷ್ಟೇ’ ಎನ್ನುತ್ತಾರೆ. ಒಂದು ಕಡೆಯವರು ಅವರ ಧರ್ಮವನ್ನು ಬದಿಗಿಡುತ್ತಾರೆ, ಇನ್ನೊಂದು ಕಡೆಯವರು ಅವರ ಪುಸ್ತಕಗಳನ್ನು ಬದಿಗಿಡುತ್ತಾರೆ. ಅವರು ಮಾಡಿದ ಕೆಲಸವನ್ನು ಅದು ನಡೆದ ಕ್ರಮದಲ್ಲೇ ನೋಡಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಮೊದಲು ‘ಆದರೂ’. ಮೋಗ್ಲಿಂಗ್ 1836ರ ಕೊನೆಯಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದಾಗ ಅವರಿಗೆ ಇಪ್ಪತ್ತೈದು ವರ್ಷ. ಮುಂದೆ ಅಲ್ಲಿನ ಸೆಮಿನರಿಯಲ್ಲಿ ಅಧ್ಯಾಪಕರಾದರು. ಹುಡುಗರಿಗೆ ಕಲಿಸಬೇಕಾದವರು ಅವರ ಮಾತನ್ನು ಮೊದಲು ತಾವು ಕಲಿಯಬೇಕಲ್ಲ? ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮಾಡಿದ್ದ ಬೈಬಲ್ ಅನುವಾದ ಆಗಲೇ ಬಳಕೆಯಲ್ಲಿತ್ತು. ಅದರ ಭಾಷೆ ಜನರ ಬಾಯಿಗೆ ಒಗ್ಗುವಂತಿಲ್ಲ ಎಂಬ ಅತೃಪ್ತಿ ಮಿಶನರಿಗಳಲ್ಲೇ ಇತ್ತು. ಮೋಗ್ಲಿಂಗ್ ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ ಆ ಅನುವಾದವನ್ನು ತಿದ್ದುವ ಕೆಲಸಕ್ಕೆ ಇಳಿದರು. ತಿದ್ದಬೇಕಾದರೆ ಒಳ್ಳೆಯ ಕನ್ನಡ ಎಂದರೆ ಯಾವುದು ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಉತ್ತರವಿದ್ದದ್ದು ದಾಸರ ಪದಗಳಲ್ಲಿ, ಪುರಾಣಗಳಲ್ಲಿ, ಷಟ್ಪದಿಗಳಲ್ಲಿ. ಅಂದರೆ ಮೋಗ್ಲಿಂಗ್ ಬಳಗವನ್ನು ಹಳೆಯ ಕನ್ನಡ ಗ್ರಂಥಗಳ ಬಳಿಗೆ ಕರೆದೊಯ್ದದ್ದೇ ಅವರ ಮಿಶನರಿ ಕೆಲಸ.

1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ದಲ್ಲೂ ಇದೇ ಬೆಸುಗೆ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಬರುತ್ತಿದ್ದ, ನಾಲ್ಕು ಪುಟಗಳ ಈ ಪತ್ರಿಕೆಯ ಬೆಲೆ ಒಂದು ದುಡ್ಡು. ಕನ್ನಡದ ಮೊದಲ ಪತ್ರಿಕೆ ಎಂದು ಇಂದಿಗೂ ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಊರ ವರ್ತಮಾನ, ಸರ್ಕಾರದ ನಿರೂಪ, ಹೊರರಾಜ್ಯಗಳ ಸುದ್ದಿಗಳ ಜತೆಗೆ ಪುರಂದರದಾಸರ ಪದಗಳಿಗೂ ಅದರಲ್ಲಿ ಜಾಗವಿತ್ತು. ಮಿಶನ್ನಿನ ಮುದ್ರಣಾಲಯದ ಕಲ್ಲಿನ ಮೇಲೆ ವಿಠಲನ ಅಂಕಿತ! ಇದನ್ನು ಕಂಡು ಬೆರಗಾಗುವುದು ನಾವೇ. ಸಂಪಾದಕರಿಗೆ ಅದರಲ್ಲಿ ವಿರೋಧ ಕಂಡಿರಲಾರದು. ಜನ ಯಾವುದನ್ನು ಹಾಡಿ ಬಲ್ಲರೋ ಅಲ್ಲಿಂದಲೇ ಓದು ಶುರುವಾಗಲಿ ಎಂಬುದು ಒಬ್ಬ ಮೇಷ್ಟರ ಲೆಕ್ಕಾಚಾರದ ಹಾಗೆ ನನಗೆ ಕಾಣುತ್ತದೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು; ಹೆಚ್ಚು ಕಾಲ ಬಾಳಲಿಲ್ಲ.

ಆದರೆ ಅದೇ 1844ರ ಆರಂಭದ ಇನ್ನೊಂದು ಘಟನೆಯನ್ನು ನನ್ನ ಭಾಷಣದಲ್ಲಿ ನಾನು ಹೇಳಿರಲಿಲ್ಲ. ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬರು ಆನಂದರಾವ್ ಕೌಂಡಿನ್ಯ. ಊರು ಕೆರಳಿತು. ಮನೆಗಳು ಮಕ್ಕಳನ್ನು ಕಳೆದುಕೊಂಡವು, ಆ ಮಕ್ಕಳು ಬಳಗವನ್ನು ಕಳೆದುಕೊಂಡರು. ಮೋಗ್ಲಿಂಗ್ ಮುಂದೆ ಕೌಂಡಿನ್ಯರನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಕೌಂಡಿನ್ಯರು ಊರಿಗೆ ಮರಳಿದರು. ಪತ್ರಿಕೆಯ ಸಂಪಾದಕರೂ ಈ ಮೂವರ ಗುರುವೂ ಒಬ್ಬರೇ. ‘ಆದರೂ’ ಎಂದೊಡನೆ ನಮ್ಮ ಕಥೆಯಿಂದ ಮೊದಲು ಮರೆಯಾಗುವವರು ಕೌಂಡಿನ್ಯರು. ಅವರ ಆಯ್ಕೆಯೂ ಅವರ ಮನೆಯವರ ನೋವೂ ಒಟ್ಟಿಗೇ ಅಳಿಸಿಹೋಗುತ್ತವೆ.

ಈಗ ‘ಅಷ್ಟೇ’. 1848ರಿಂದ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಹೊರತಂದರು. ಮದರಾಸು ಸರ್ಕಾರದ ಸೇವೆಯಲ್ಲಿದ್ದು ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಅದಕ್ಕೆ ಹಣ ಕೊಟ್ಟರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಾದವು. ಅಲ್ಲಿಯವರೆಗೆ ಓಲೆಗರಿ, ಕಡತ, ಬಾಯಿಪಾಠಗಳಲ್ಲಿ ಇದ್ದವು ಇವು. ಬರೀ ಖಂಡಿಸುವುದಕ್ಕಾಗಿದ್ದರೆ ಕೆಲವು ಸಾಲುಗಳ ಸಂಗ್ರಹ ಸಾಕಿತ್ತು. ಖಂಡನೆಗೆ ಇಡೀ ಕಾವ್ಯ ಬೇಕಿಲ್ಲ. ಮಿಶನರಿಗಳು ಜನರ ಮನಸ್ಸನ್ನು ಅರಿಯಲಿ ಎಂಬ ಉದ್ದೇಶ ಇದ್ದೇ ಇತ್ತು, ಒಪ್ಪೋಣ. ಆದರೆ ಅಚ್ಚಾದ ಪುಸ್ತಕ ಓದುಗನ ಜಾತಿಮತ ಕೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿಯಾಗಿ ಕಾಣುವುದು ಕೊನೆಯ ಘಟ್ಟ. ಮಿಶನ್ನಿನ ಸಂಬಂಧ ಬಿಟ್ಟು 1853ರಲ್ಲಿ ತಾವೇ ಕೊಡಗಿಗೆ ಹೋದ ಮೋಗ್ಲಿಂಗ್, 1855ರಲ್ಲಿ ಆ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯರ್ಸ್’ ಬರೆದರು. ಕೊಡಗಿನ ವೃತ್ತಾಂತ ಮತ್ತು ಕೊಡಗಿನ ಮಿಶನ್ನಿನ ವೃತ್ತಾಂತ ಎಂದು ಹೆಸರಿನಲ್ಲೇ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಜರ್ಮನಿಯ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ದಾಸರ ಪದಗಳ ಅವರ ಜರ್ಮನ್ ಅನುವಾದ ಪ್ರಕಟವಾಯಿತು. ಇದರಿಂದ ಯಾರನ್ನು ಮತಾಂತರಿಸಬಹುದಿತ್ತು? ಓದುತ್ತಿದ್ದವರು ಜರ್ಮನ್ ವಿದ್ವಾಂಸರು. ಅವರ ಮುಂದೆ ಸಂಸ್ಕೃತಕ್ಕೆ ಪೀಠ ಹಾಕಿಯಾಗಿತ್ತು. ಕನ್ನಡದಲ್ಲೂ ಕಾವ್ಯವಿದೆ ಎಂದು ಅಲ್ಲಿ ತೋರಿಸಿದ್ದರಿಂದ ಮಿಶನ್ನಿಗೆ ಏನೂ ಬರುವಂತಿರಲಿಲ್ಲ. ಇಲ್ಲಿ ‘ಅಷ್ಟೇ’ ಎಂಬ ಮಾತು ಸೋಲುತ್ತದೆ.

ಹಾಗೆಂದು ಅವರು ದಾಸರ ಭಕ್ತರಾದರು, ಕನ್ನಡವೇ ಅವರನ್ನು ಮತಾಂತರಿಸಿತು ಎಂಬ ಸಿಹಿ ಮಾತನ್ನೂ ನಾನು ಒಪ್ಪಲಾರೆ. ಅದು ‘ಆದರೂ’ವಿನ ಇನ್ನೊಂದು ರೂಪ. ಅವರು ಕೊನೆಯವರೆಗೂ ಕ್ರೈಸ್ತ ಬೋಧಕರೇ. ಗೆಳೆಯ ಹರ್ಮನ್ ಗುಂಡರ್ಟ್ ಜತೆ ಸೇರಿ, ಬಾಸೆಲ್ ಮಿಶನ್ನಿನ ಸ್ಯಾಮ್ಯುಯೆಲ್ ಹೇಬಿಕ್ ಅವರ ಜೀವನಚರಿತ್ರೆ ಬರೆದರು. ನಂಬಿಕೆ ಬದಲಾಗದೆಯೂ, ಕಲಿಸಲು ಹೊರಟ ಮನುಷ್ಯ ತಾನು ಕಲಿತದ್ದಕ್ಕೆ ಋಣಿಯಾಗಬಹುದು. ಆ ಋಣ ಮೊದಲಿನ ಉದ್ದೇಶಕ್ಕಿಂತ ದೊಡ್ಡದಾಗಿ ಬೆಳೆಯಬಹುದು. ನಮ್ಮ ವಿಮರ್ಶೆಗೆ ಇದನ್ನು ಹೇಳುವ ಧೈರ್ಯ ಬೇಕು. ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ದಲ್ಲಿ ಹತ್ತೊಂಬತ್ತನೆಯ ಶತಮಾನದ ಬರಹಗಳನ್ನು ಒಂದೊಂದಾಗಿ ಹುಡುಕಿ ಮುಂದಿಟ್ಟಿದ್ದಾರೆ. ನಾವು ಮಾತ್ರ ಅದರಿಂದ ಒಂದೆರಡು ಹೆಸರು ಎತ್ತಿಕೊಂಡು ಹಾರ ಹಾಕಿ ಸುಮ್ಮನಾಗುತ್ತೇವೆ.

ಇದು ನೂರೆಂಬತ್ತು ವರ್ಷದ ಹಳೆಯ ಕಥೆಯಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ, ಜೈನ ಮನೆಗಳ ಮಕ್ಕಳು ಕೂರುತ್ತಾರೆ. ಕನ್ನಡದ ಚರಿತ್ರೆ ಹೇಳುವಾಗ ಯಾರ ಹೆಸರಿನ ಹಿಂದೆ ‘ಆದರೂ’ ಸೇರಿಸುತ್ತೇವೆ, ಯಾರ ಹೆಸರಿಗೆ ಅದು ಬೇಕೆನಿಸುವುದಿಲ್ಲ ಎಂಬುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ.

ಈ ಲೇಖನ ಮುಗಿಸುವ ಮುನ್ನ ಹಳೆಯ ಭಾಷಣದ ಆ ವಾಕ್ಯ ತಿದ್ದಿದೆ: “ಮೋಗ್ಲಿಂಗ್ ಮಿಶನರಿಯಾಗಿದ್ದರು, ಆದ್ದರಿಂದಲೇ ಕನ್ನಡದ ಬಳಿಗೆ ಬಂದರು, ಬಂದ ಕೆಲಸಕ್ಕಿಂತ ಹೆಚ್ಚಿನದನ್ನು ಕನ್ನಡಕ್ಕೆ ಮಾಡಿದರು.” ಹಿರಿಯರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಸರಿ ಉಂಟು” ಎಂದರು. ಮತ್ತೆ, “ಆದರೆ ಕೌಂಡಿನ್ಯರ ತಾಯಿ ಇದನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ” ಎಂದರು. ಅದಕ್ಕೆ ನನ್ನ ಬಳಿ ಈಗಲೂ ಉತ್ತರವಿಲ್ಲ.