ಕೆರೆಗೆ ಹಾರ: ತ್ಯಾಗವೋ, ಅನುಮೋದನೆಯೋ?

ಹೊನ್ನವಳ್ಳಿ ಹೋಬಳಿಯಲ್ಲಿ ಕೆರೆ ತುಂಬಿತೆಂದರೆ ತೆಂಗು ಉಳಿಯಿತೆಂದೇ ಅರ್ಥ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬಾಳು ಕೆರೆಯ ನೀರನ್ನು ನೆಚ್ಚಿ ಬೆಳೆದದ್ದು. ಜನಪದ ಗೀತೆಗಳ ಸಂಗ್ರಹಕ್ಕೆ ಬಾಳನ್ನು ಮೀಸಲಿಟ್ಟು ‘ಕನ್ನಡ ಜನಪದ ಸಾಹಿತ್ಯ ಭಂಡಾರ’ದ ಸಂಪುಟಗಳನ್ನು ಕೊಟ್ಟ ಮತಿಘಟ್ಟ ಕೃಷ್ಣಮೂರ್ತಿಯವರೂ ಈ ಸೀಮೆಯವರೇ. ಹಾಗಾಗಿ ‘ಕೆರೆಗೆ ಹಾರ’ ಎಂಬ ಕಥನಗೀತೆಯ ನುಡಿ ಉತ್ತರ ಕರ್ನಾಟಕದ್ದಾದರೂ ಅದರ ಸಂಕಟ ಇಲ್ಲಿಯವರಿಗೆ ಅನ್ಯವಲ್ಲ. ಈ ಹಾಡನ್ನು ತ್ಯಾಗದ ಆದರ್ಶವೆಂದು ಹೊಗಳುವುದು ವಾಡಿಕೆಯಾಗಿದೆ. ಆ ಹೊಗಳಿಕೆಯನ್ನು ಅಹಿಂಸಾಧರ್ಮದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಕಥೆ ಎಲ್ಲರಿಗೂ ತಿಳಿದದ್ದೇ. ಕಲ್ಲನಕೇರಿಯ ಮಲ್ಲನಗೌಡ ಕೆರೆಯೊಂದನ್ನು ಕಟ್ಟಿಸುತ್ತಾನೆ. ಹನಿ ನೀರೂ ಬರುವುದಿಲ್ಲ. ಹೊತ್ತಗೆ ತೆಗೆಸಿ ಕೇಳಿದಾಗ ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆ ಮನೆಯ ಭಾರ ಹೊತ್ತವಳು. ಆದ್ದರಿಂದ ಕಿರಿಯವಳಾದ ಭಾಗೀರಥಿಯೇ ಗೊತ್ತಾಗುತ್ತಾಳೆ. ಅವಳು ತವರಿಗೆ ಹೋಗುತ್ತಾಳೆ. ಅತ್ತೆಮಾವ ತನ್ನನ್ನು ಬೇರೆ ಇಡುತ್ತಾರೆಂದು ಹೇಳಿದಾಗ ತಂದೆ ಹೊಲ ಕೊಡಲು ಮುಂದಾಗುತ್ತಾನೆ, ತಾಯಿ ಒಡವೆ ಕೊಡಲು ಮುಂದಾಗುತ್ತಾಳೆ. ನಿಜವನ್ನು ಕೇಳಿಸಿಕೊಳ್ಳುವವಳು ಗೆಳತಿಯೊಬ್ಬಳೇ. ಅವಳೂ ಇಟ್ಟಂತೆ ಇರಬೇಕೆಂದು ಸಮಾಧಾನ ಹೇಳುತ್ತಾಳೆ. ಗಂಗೆಯ ಪೂಜೆ ಮುಗಿದ ಮೇಲೆ ಮರೆತು ಬಂದ ಹೊನ್ನ ಬಟ್ಟಲನ್ನು ತರಲು ಕೆರೆಗಿಳಿದ ಭಾಗೀರಥಿಯ ಸುತ್ತ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿ ಬಂದು, ಗೆಳತಿಯಿಂದ ಸತ್ಯವನ್ನರಿತು, ಅದೇ ಕೆರೆಗೆ ಹಾರಿಕೊಳ್ಳುತ್ತಾನೆ.

ಹಿಂಸೆಯು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯೆಂಬುದನ್ನು ಶ್ರಾವಕರು ಬಲ್ಲರು. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು—ಮೂರಕ್ಕೂ ಕರ್ಮಬಂಧವುಂಟು. ಈ ಹಾಡಿನಲ್ಲಿ ಭಾಗೀರಥಿಯನ್ನು ಕೈಯಾರೆ ನೀರಿಗೆ ತಳ್ಳುವವರು ಯಾರೂ ಇಲ್ಲ. ಹೊತ್ತಗೆಯವನು ಹೇಳಿದನಷ್ಟೆ, ಮಾವ ಕೇಳಿದನಷ್ಟೆ, ಗೆಳತಿ ಸಮಾಧಾನ ಮಾಡಿದಳಷ್ಟೆ, ಬಟ್ಟಲು ಮರೆತುಹೋಯಿತಷ್ಟೆ. ಆದರೂ ಒಂದು ಜೀವ ಹೋಯಿತು. ಕೃತವೇ ಕಾಣದಂತೆ ಕಾರಿತವೂ ಅನುಮೋದಿತವೂ ಮನೆಮನೆಗೆ ಹಂಚಿಹೋಗುವ ಬಗೆಯನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಕೃತಿಗಳು ಕನ್ನಡದಲ್ಲಿ ವಿರಳ.

ಈ ವಿಷಯದಲ್ಲಿ ನೆನಪಾಗುವುದು 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’. ಅಲ್ಲಿ ಯಶೋಧರನಿಗೆ ಕೊಲ್ಲುವ ಮನಸ್ಸಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಬಾಗಿ ಹಿಟ್ಟಿನ ಹುಂಜವನ್ನು ಬಲಿ ಕೊಡಲು ಒಪ್ಪುತ್ತಾನೆ. ಆ ಅರೆಮನಸ್ಸಿನ ಒಪ್ಪಿಗೆಯೇ ತಾಯಿಮಗನನ್ನು ಜನ್ಮಜನ್ಮಾಂತರಗಳ ಪ್ರಾಣಿಯೋನಿಗೆ ತಳ್ಳುತ್ತದೆ. ಜನ್ನನು ಸಂಕಲ್ಪಹಿಂಸೆಯ ಫಲವನ್ನು ಭವಾವಳಿಯ ಮೂಲಕ ಹೇಳಿದರೆ, ಹೆಸರಿಲ್ಲದ ಹಳ್ಳಿಯ ಹಾಡುಗಾರ್ತಿ ಅದನ್ನು ಮಾದೇವರಾಯನೊಬ್ಬನ ಸಾವಿನ ಮೂಲಕ ಹೇಳಿದ್ದಾಳೆ. ಕೆರೆ ತುಂಬಿತು, ಮನೆ ಬರಿದಾಯಿತು.

ಭಾಗೀರಥಿ ತಾನಾಗಿಯೇ ಹೋದಳಲ್ಲ, ಅದು ತ್ಯಾಗವಲ್ಲವೆ ಎಂದು ಕೇಳುವವರುಂಟು. ನಮ್ಮ ಪರಂಪರೆಯಲ್ಲಿ ಸಲ್ಲೇಖನದಂತಹ ವ್ರತವಿರುವುದರಿಂದ ಈ ಪ್ರಶ್ನೆಗೆ ಎಚ್ಚರಿಕೆಯಿಂದ ಉತ್ತರಿಸಬೇಕು. ಸಲ್ಲೇಖನವು ಬಾಳಿನ ಕೊನೆಯಲ್ಲಿ, ಕಷಾಯಗಳನ್ನು ಕೃಶಗೊಳಿಸಿ, ಫಲಾಪೇಕ್ಷೆಯಿಲ್ಲದೆ ಸ್ವಂತ ಅರಿವಿನಿಂದ ಕೈಗೊಳ್ಳುವಂಥದು. ಭಾಗೀರಥಿಯ ಒಪ್ಪಿಗೆ ತೀರ್ಮಾನವಾದ ನಂತರದ್ದು. ಅವಳ ಮುಂದೆ ಬೇರೆ ದಾರಿ ಉಳಿದಿರಲಿಲ್ಲ. ತನ್ನದನ್ನು ತಾನು ಬಿಡುವುದು ತ್ಯಾಗ. ಇನ್ನೊಬ್ಬರದನ್ನು ತನ್ನ ಅಗತ್ಯಕ್ಕಾಗಿ ಕೊಡುವುದು ಬಲಿ. ಮಲ್ಲನಗೌಡ ಕೊಟ್ಟದ್ದು ತನ್ನದಲ್ಲ.

ಹಾಡುವ ಕ್ರಮವೂ ವಿಚಾರಾರ್ಹ. ಇಂತಹ ಹಾಡುಗಳನ್ನು ಒಬ್ಬಳು ಹೇಳಿದರೆ ಉಳಿದವರು ಮರುನುಡಿಯುವುದು ರೂಢಿ. ಹಾಗೆ ಮರುನುಡಿಯುವವರ ಬಾಯಲ್ಲಿ ಗೌಡನ ಮಾತೂ ಬರುತ್ತದೆ, ಗೆಳತಿಯ ಸಮಾಧಾನವೂ ಬರುತ್ತದೆ, ಮಾದೇವರಾಯನ ಗೋಳೂ ಬರುತ್ತದೆ. ನೀರು ಏರಿದಲ್ಲಿಗೇ ಹಾಡನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರೆ ಸಭೆ ಅನುಮೋದಕರ ಸಾಲಿಗೆ ಸೇರುತ್ತದೆ. ಕೊನೆಯವರೆಗೆ ಹಾಡಿದರೆ ಮಾತ್ರ ಅದೇ ಸಭೆ ತಾನು ಒಪ್ಪಿದ್ದೇನೆಂಬುದನ್ನು ಮರಳಿ ನೋಡಿಕೊಳ್ಳಬೇಕಾಗುತ್ತದೆ. ಜನಪದ ಸಂಗೀತದ ಅಧ್ಯಾತ್ಮವೆಂದರೆ ಇದೇ ಆತ್ಮಾವಲೋಕನವೆಂದು ನಮ್ಮ ಭಾವನೆ.

ಸಮಾಜದ ಹಿತಕ್ಕಾಗಿ ದುಡಿಯುವವರಿಗೆ ಈ ಹಾಡು ಹಳೆಯ ಕಾಲದ ಕಥೆಯಲ್ಲ. ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ನೀರು ಬಾಗೂರು-ನವಿಲೆ ಸುರಂಗವನ್ನು ಹಾದು ತುಮಕೂರು ಜಿಲ್ಲೆಗೆ ಹರಿದು ಬಂತು. ತಿಪಟೂರು, ತುರುವೇಕೆರೆಗಳ ತೋಟಗಳಿಗೆ ಜೀವ ಬಂತು. ಅದೇ ಜಲಾಶಯದ ಹಿನ್ನೀರಿನಲ್ಲಿ ಹಾಸನ ಜಿಲ್ಲೆಯ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ನೀರಿನ ನಡುವೆ ನಿಂತು ಇಂದಿಗೂ ಅದಕ್ಕೆ ಸಾಕ್ಷಿ ಹೇಳುತ್ತಿದೆ. ನಮ್ಮ ಅಟ್ಟಗಳ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿಯಲ್ಲಿ ಆ ನೀರಿನ ಪಾಲಿದೆ. ಅಣೆಕಟ್ಟು ಬೇಡವಾಗಿತ್ತೆಂದು ಹೇಳುವುದು ನಮ್ಮ ಆಶಯವಲ್ಲ. ನೀರಿಲ್ಲದ ಸಂಕಟವನ್ನು ಈ ಸೀಮೆ ಚೆನ್ನಾಗಿ ಉಂಡಿದೆ. ಆದರೆ ಮನೆಮಠ ಕಳೆದುಕೊಂಡವರನ್ನು ‘ನಾಡಿಗಾಗಿ ತ್ಯಾಗ ಮಾಡಿದವರು’ ಎಂದು ಕೊಂಡಾಡಿ ಮರೆತುಬಿಡುವುದು, ಭಾಗೀರಥಿಯನ್ನು ಕೊಂಡಾಡಿದಷ್ಟೇ ಸುಲಭ. ಕೊಂಡಾಟವು ಋಣವನ್ನು ತೀರಿಸುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಯವರು ಸ್ವಾಧ್ಯಾಯದ ಒಂದು ದಿನವನ್ನು ಈ ಹಾಡಿಗೆ ಮೀಸಲಿಡಬಹುದು. ಹಾಡಬಲ್ಲ ಹಿರಿಯ ತಾಯಂದಿರನ್ನು, ಅವರು ಯಾವ ಸಮುದಾಯದವರೇ ಆಗಿರಲಿ, ಗೌರವದಿಂದ ಕರೆಸಿ, ಹಾಡು ಮುಗಿದ ಮೇಲೆ ಅವರೊಡನೆಯೇ ಕುಳಿತು ಮಾತನಾಡಬೇಕು. ಕೆರೆಯ ಹೂಳೆತ್ತಿಸುವಾಗ, ಧರ್ಮಶಾಲೆ ಕಟ್ಟಿಸುವಾಗ, ಯಾವುದೇ ಲೋಕೋಪಕಾರದ ಕೆಲಸಕ್ಕೆ ಒಪ್ಪಿಗೆಯ ಸಹಿ ಹಾಕುವಾಗ ಕೇಳಬೇಕಾದ ಪ್ರಶ್ನೆಯೊಂದಿದೆ: ಇದರ ಬೆಲೆಯನ್ನು ತೆರುವವರು ಯಾರು, ಅವರನ್ನು ಮೊದಲೇ ಕೇಳಿದ್ದೇವೆಯೆ? ಮಲ್ಲನಗೌಡ ಹೊತ್ತಗೆಯನ್ನು ಕೇಳಿದ, ಸೊಸೆಯನ್ನು ಕೇಳಲಿಲ್ಲ.