ಕಿಟಕಿಯ ಹೊರಗಿನ ದನಿ

ವಿರಹದ ಹಾಡು ಕೇಳಿದೊಡನೆ ಕೈಬಿಟ್ಟವನಾರೆಂದು ಹುಡುಕುವುದು ನಮ್ಮ ಚಾಳಿ. ಇಂಗ್ಲೆಂಡಿನ ಕೇಟ್ ಬುಷ್ ಅವರ ಮೊದಲ ಹಾಡಿನ ತಟ್ಟೆ ‘ವದರಿಂಗ್ ಹೈಟ್ಸ್’ (1978) ಆ ಹುಡುಕಾಟಕ್ಕೆ ಎಡೆಗೊಡದು. ಎಮಿಲಿ ಬ್ರಾಂಟೆಯ ಕಾದಂಬರಿಯ ದೂರದರ್ಶನ ರೂಪಾಂತರದ ಕೊನೆಯ ಕೆಲವು ನಿಮಿಷಗಳೇ 18 ವರ್ಷದ ಆಕೆಯ ಹಾಡಿಗೆ ಬೀಜವಾದವು. ಮೊದಲು ಬೇರೆ ಹಾಡು ಬರಲೆಂದ ಕಂಪೆನಿಯೊಡನೆ ಹಟ ಹಿಡಿದು ಗೆದ್ದರು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಹಾಡು ನಾಲ್ಕು ವಾರ ಮೊದಲನೆಯದಾಗಿತ್ತು.

ಕಾದಂಬರಿಯಲ್ಲಿ ಕ್ಯಾಥಿಯ ಪ್ರೇತದ ಮೊರೆಯನ್ನು ನಾವು ಕೇಳುವುದು ಲಾಕ್‌ವುಡ್ ಎಂಬ ಅಪರಿಚಿತನ ಬಾಯಿಂದ. ಇಲ್ಲಿ ಪ್ರೇತವೇ ಹೀತ್‌ಕ್ಲಿಫ್‌ನನ್ನು ಕರೆಯುತ್ತದೆ. ಕಂಠ ತೀರ ಕೀರಲೆಂದು ಮೂಗು ಮುರಿದವರುಂಟು. ಚಳಿಯಲ್ಲಿ ಕಿಟಕಿ ಬಡಿಯುವ ಪ್ರೇತ ಇಂಪಾಗಿ ಹಾಡಬೇಕೇ?

ನನ್ನ ತಕರಾರು ಬೇರೆ. ಬಿಟ್ಟುಹೋದೆಯೆಂದು ಈ ಕ್ಯಾಥಿ ನಲ್ಲನನ್ನು ದೂರುತ್ತಾಳೆ. ಅವನನ್ನು ಮದುವೆಯಾದರೆ ತನಗೆ ಕುಂದೆಂದು ಆಕೆಯೇ ಆಡಿದ ಮಾತು ಕಿವಿಗೆ ಬಿದ್ದು ಅವನು ಮನೆಬಿಟ್ಟನೆಂಬುದನ್ನು ಬ್ರಾಂಟೆ ಮುಚ್ಚಿಡಲಿಲ್ಲ.